ಗುಡಾಣ ಓಡಿಸುವ ಅಳಿಯ

ನನ್ನ ದೊಡ್ಡ ಅಳಿಯ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಬಾಯಿ ಬರುತ್ತದೋ ಇಲ್ಲವೋ. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ, ನನ್ನ ಮನೆಗೆ ಬಂದರೆ ಸಡಿಲವಾದ ಬಾಗಿಲ ಚಿಲಕವನ್ನು ಹೇಳದೆಯೇ ಬಿಗಿ ಮಾಡಿ ಹೋಗುತ್ತಾನೆ. ಅವನಿಗೆ ಇದ್ದದ್ದು ಒಂದೇ ರೋಗ, ಹೊಟ್ಟೆಕಿಚ್ಚು. ಅದೂ ಊರಿನವರ ಮೇಲೆಲ್ಲ ಅಲ್ಲ, ಒಬ್ಬನ ಮೇಲೆ ಮಾತ್ರ. ಆ ಒಬ್ಬ ನನ್ನ ಚಿಕ್ಕ ಅಳಿಯ. ಅಣ್ಣತಮ್ಮಂದಿರಾಗಿದ್ದರೆ ದಾಯಾದಿ ಮತ್ಸರ ಎಂದುಕೊಂಡು ಸುಮ್ಮನಾಗಬಹುದಿತ್ತು. ಷಡ್ಡಕರ ನಡುವೆ ಪಾಲು ಮಾಡಿಕೊಳ್ಳಲು ಇರುವುದಾದರೂ ಏನು? ಒಬ್ಬಳು ಅತ್ತೆ. ಅವಳು ನನಗೇ ಬೇಕು ಎಂದು ಇಲ್ಲಿಯವರೆಗೆ ಯಾರೂ ಜಗಳ ತೆಗೆದಿಲ್ಲ.

ಎದುರಿಗೆ ಇಬ್ಬರನ್ನೂ ‘ನೀವು’ ಎಂದೇ ಮಾತಾಡಿಸುತ್ತೇನೆ. ಬರೆಯುವಾಗ ಏಕವಚನ ಸಾಕು. ಇಬ್ಬರೂ ಓದುವ ಪೈಕಿಯಲ್ಲ.

ನಾನು ಸೇನೆಯ ಲಾರಿ ಡಿಪೋದಲ್ಲಿ ಟಾರ್ಪಾಲ್ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಸಿಕ್ಕಿದ ಕೆಲಸ. ತಗಡಿನ ಮಾಡಿನ ಕೆಳಗೆ ಉದ್ದನೆಯ ಕೋಣೆ, ನೆಲದ ತುಂಬ ಹರಡಿದ ಹಸಿರು ಕ್ಯಾನ್ವಾಸು, ಮೇಣ ಹಚ್ಚಿದ ದಾರ, ಅಂಗೈಗೆ ಚರ್ಮದ ಪಟ್ಟಿ, ಕೈಯಲ್ಲಿ ದಬ್ಬಣ. ಹೊರಗಿನವರಿಗೆ ಸೇನೆಯ ಲಾರಿಗಳೆಂದರೆ ಎಲ್ಲವೂ ಒಂದೇ. ಒಳಗೆ ಬಂದು ನೋಡಬೇಕು. ಮೂತಿ ಒಂದೇ, ಇಂಜಿನ್ ಒಂದೇ, ಚಕ್ರಗಳೂ ಒಂದೇ. ಬೆನ್ನ ಮೇಲೆ ಏನು ಹೊತ್ತಿದೆ ಎನ್ನುವುದರ ಮೇಲೆ ಅದರ ಹೆಸರು, ಅದರ ಮರ್ಯಾದೆ. ಮೂಟೆ ಹೊತ್ತರೆ ಸಾದಾ ಲಾರಿ. ಒಲೆಗಳನ್ನು ಕೂರಿಸಿದರೆ ಅಡುಗೆ ಲಾರಿ, ಲೇತು ಮತ್ತು ವೆಲ್ಡಿಂಗ್ ಸಾಮಾನು ಕೂರಿಸಿದರೆ ರಿಪೇರಿ ಲಾರಿ, ಮಂಚಗಳಿದ್ದರೆ ಆಂಬುಲೆನ್ಸ್. ಸೇತುವೆಯನ್ನೇ ತುಂಡು ತುಂಡಾಗಿ ಮಡಚಿ ಹೊತ್ತೊಯ್ಯುವುದು ಒಂದಿದೆ, ಹಳ್ಳ ಬಂದ ಕಡೆ ಬಿಚ್ಚಿ ಹಾಸುತ್ತಾರೆ. ಡೀಸೆಲ್ ಟ್ಯಾಂಕರ್ ಹಿಂದೆ ನೆಲಕ್ಕೆ ಸರಪಳಿ ಎಳೆದುಕೊಂಡು ಹೋಗುತ್ತದೆ, ಅದರ ಚಾಲಕ ಹತ್ತಿರದಲ್ಲಿ ಯಾರಿಗೂ ಬೆಂಕಿಕಡ್ಡಿ ಗೀರಲು ಬಿಡುವುದಿಲ್ಲ. ಇವಕ್ಕೆಲ್ಲ ಮುಸುಕು ಹೊಲಿದವಳು ನಾನು. ಮುಖ ನೋಡಿದರೆ ನನಗೆ ಒಂದರ ಗುರುತೂ ಸಿಗುವುದಿಲ್ಲ, ಬೆನ್ನು ನೋಡಿದರೆ ಯಾವುದೆಂದು ಹೇಳುತ್ತೇನೆ.

ದೊಡ್ಡವನದು ನೀರಿನ ಟ್ಯಾಂಕರ್. ಡಿಪೋದವರು ಅದಕ್ಕಿಟ್ಟ ಅಡ್ಡಹೆಸರು ಗುಡಾಣ. ಚಿಕ್ಕವನದು ಕೆಟ್ಟು ನಿಂತ ಲಾರಿಗಳನ್ನು, ಕೆಸರಲ್ಲಿ ಹೂತ ಲಾರಿಗಳನ್ನು ಎಳೆದು ತರುವ ಲಾರಿ. ಹಿಂದೆ ಕ್ರೇನಿನ ತೋಳು, ಮುಂದೆ ಉಕ್ಕಿನ ಹಗ್ಗ ಸುತ್ತಿದ ದಪ್ಪ ರಾಟೆ. ಅದನ್ನು ಕರೆಯುವುದು ಜಟ್ಟಿ ಎಂದು. ಒಂದು ಮನೆಯ ಇಬ್ಬರು ಅಳಿಯಂದಿರಲ್ಲಿ ಒಬ್ಬನಿಗೆ ಗುಡಾಣ, ಇನ್ನೊಬ್ಬನಿಗೆ ಜಟ್ಟಿ ಎಂದರೆ ಅರ್ಧ ಜಗಳ ಹೆಸರಲ್ಲೇ ಇದೆ.

ಚಿಕ್ಕವನನ್ನು ಮನೆಗೆ ಕರೆತಂದವನೂ ದೊಡ್ಡವನೇ. ಆಗ ಚಿಕ್ಕವನು ಡಿಪೋಗೆ ಹೊಸಬ, ಸಾದಾ ಲಾರಿಯಲ್ಲಿ ಮೂಟೆ ಇಳಿಸುತ್ತಿದ್ದ. ಒಳ್ಳೆಯ ಹುಡುಗ, ನಿಮ್ಮ ಚಿಕ್ಕವಳಿಗೆ ಹೇಳಿ ಮಾಡಿಸಿದ ಹಾಗಿದ್ದಾನೆ ಎಂದು ದೊಡ್ಡವನು ನನ್ನ ತಲೆ ತಿಂದ. ಮದುವೆಯಾಯಿತು. ಒಂದಷ್ಟು ಕಾಲ ಇಬ್ಬರೂ ಒಂದೇ ಜೀವ ಎರಡು ದೇಹ ಎಂಬಂತೆ ಓಡಾಡಿದರು. ಆಮೇಲೆ ಜಟ್ಟಿಯನ್ನು ಓಡಿಸುತ್ತಿದ್ದ ಮುದುಕ ನಿವೃತ್ತನಾದ. ಆ ಜಾಗಕ್ಕೆ ದೊಡ್ಡವನೂ ಕೇಳಿದ, ಚಿಕ್ಕವನೂ ಕೇಳಿದ. ಸಿಕ್ಕಿದ್ದು ಚಿಕ್ಕವನಿಗೆ. ಗುಡಾಣವನ್ನು ಓಡಿಸಲು ನಿನ್ನಂಥವನು ಇನ್ನೊಬ್ಬ ಸಿಗುವುದಿಲ್ಲ ಎಂದು ಡಿಪೋದ ಸಾಹೇಬರು ದೊಡ್ಡವನನ್ನು ಸಮಾಧಾನ ಮಾಡಿದರು. ಬೇರೆ ಯಾರಾದರೂ ಅದನ್ನು ಹೊಗಳಿಕೆ ಎಂದು ತಿಳಿದು ಮನೆಗೆ ಬಂದು ಹೇಳಿಕೊಳ್ಳುತ್ತಿದ್ದರು. ಇವನು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ.

ಸಾಹೇಬರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೂಟೆ ಹಾಕಿದ ಕಡೆ ಬಿದ್ದಿರುತ್ತದೆ, ನೀರು ಹಾಗಲ್ಲ. ಬ್ರೇಕ್ ಒತ್ತಿದರೆ ಲಾರಿ ನಿಲ್ಲುತ್ತದೆ, ಒಳಗಿನ ನೀರು ನಿಲ್ಲದೆ ಹಿಂದಿನಿಂದ ಬಂದು ಗುದ್ದುತ್ತದೆ. ತಿರುವಿನಲ್ಲಿ ಲಾರಿ ಎಡಕ್ಕೆ ಹೋದರೆ ನೀರು ಬಲಕ್ಕೆ ಎಳೆಯುತ್ತದೆ. ಹೊಸಬರು ಗುಡಾಣ ಹತ್ತಿದರೆ ಇಳಿಯುವಾಗ ಮುಖ ಬಿಳಿಚಿಕೊಂಡಿರುತ್ತದೆ. ಇವನು ಓಡಿಸಿದರೆ ಟ್ಯಾಂಕಿನ ಮುಚ್ಚಳದಿಂದ ಒಂದು ಹನಿ ಚೆಲ್ಲುತ್ತಿರಲಿಲ್ಲ. ಆದರೆ ಚೆಲ್ಲದ ಹನಿಗೆ ಚಪ್ಪಾಳೆ ತಟ್ಟುವವರು ಯಾರು? ನೀರು ಬಂದರೆ ಬಂತು, ಬರುವುದು ತಡವಾದರೆ ಬೈಗುಳ. ಜಟ್ಟಿಯ ಸಂಗತಿ ಬೇರೆ. ಯಾವುದೋ ಲಾರಿ ಹೂತು ಹೋಗುತ್ತದೆ, ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಲ್ಲುತ್ತಾರೆ, ಚಿಕ್ಕವನು ಹಗ್ಗ ಸಿಕ್ಕಿಸುತ್ತಾನೆ, ರಾಟೆ ತಿರುಗುತ್ತದೆ, ಹೂತದ್ದು ಹೊರಗೆ ಬರುತ್ತದೆ. ಆಮೇಲೆ ವಾರವೆಲ್ಲ ಅದೇ ಮಾತು.

ರಜೆಯ ದಿನ ಎರಡೂ ಸಂಸಾರ ನನ್ನ ಮನೆಗೆ ಊಟಕ್ಕೆ ಬರುವ ವಾಡಿಕೆ. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರಬೇಕು. ಚಿಕ್ಕವನು ಜಂಬದವನಲ್ಲ, ಆದರೆ ಯಾರಾದರೂ ಕೇಳಿದರೆ ಹೇಳುತ್ತಾನೆ. ಕೇಳುವವಳು ನನ್ನ ಚಿಕ್ಕ ಮಗಳು. ಗಂಡನ ಬಾಯಿಂದ ನೂರು ಸಲ ಕೇಳಿದ್ದನ್ನೇ ಅಕ್ಕನ ಮುಂದೆ ಇನ್ನೊಮ್ಮೆ ಹೇಳಿಸುತ್ತಾಳೆ. ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು, ಬೆಂಕಿಗೆ ತುಪ್ಪ ಸುರಿಯುವುದನ್ನು ಎಲ್ಲಿ ಕಲಿತಳೆಂದು ಬೇರೆಯವರನ್ನು ಕೇಳಬೇಕಾಗಿಲ್ಲ. ಆಗ ದೊಡ್ಡವನು ತಟ್ಟೆ ನೋಡಿಕೊಂಡು ಉಣ್ಣುತ್ತಾನೆ. ಎಳೆಯುವುದು ರಾಟೆ, ಹೆಸರು ಬರುವುದು ಮನುಷ್ಯನಿಗೆ ಎಂದು ಅನ್ನಕ್ಕೆ ಹೇಳುತ್ತಿರುವಂತೆ ಗೊಣಗುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಕುಣಿಯಬಲ್ಲ, ನೆಲವೂ ನೆಟ್ಟಗಿದೆ, ನೋಡುವವರು ಪಕ್ಕದ ಅಂಗಳದಲ್ಲಿದ್ದಾರೆ ಎನ್ನುವುದೇ ಇವನ ಸಂಕಟ.

ಅವನ ಮಗಳು ಒಂದು ದಿನ ಶಾಲೆಯಿಂದ ಚಿತ್ರ ಬರೆದು ತಂದಳು. ಮನೆಯವರ ಕೆಲಸದ ಚಿತ್ರ ಬರೆಯಿರಿ ಎಂದಿದ್ದರಂತೆ. ಹಾಳೆಯ ತುಂಬ ಜಟ್ಟಿ. ಕ್ರೇನಿನ ತೋಳು ಆಕಾಶದವರೆಗೆ, ಸ್ಟೇರಿಂಗ್ ಹಿಂದೆ ಚಿಕ್ಕಪ್ಪ ಹಲ್ಲು ಕಿರಿಯುತ್ತಿದ್ದಾನೆ. ಅಪ್ಪನ ಲಾರಿ ಯಾಕೆ ಬರೆಯಲಿಲ್ಲ ಎಂದು ನಾನು ಕೇಳಬಾರದಿತ್ತು, ಕೇಳಿದೆ. ಅದು ಬರೀ ಡಬ್ಬ ಅಜ್ಜಿ, ಬರೆಯೋಕೆ ಏನಿದೆ ಎಂದಿತು ಮಗು. ದೊಡ್ಡವನು ಅಲ್ಲೇ ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದ. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೊರಟುಹೋದ. ಷಡ್ಡಕ ಮೇಲೇರಿದರೆ ಹೇಗೋ ನುಂಗಬಹುದು, ಸ್ವಂತ ಮಗಳು ಪಕ್ಷ ಬದಲಿಸಿದರೆ ನುಂಗುವುದು ಹೇಗೆ?

ಹೀಗಿರುವಾಗ ಡಿಪೋಗೆ ಹೊಸ ಜಟ್ಟಿ ಬರುತ್ತದೆಂಬ ಸುದ್ದಿ ಬಂತು. ಹಳೆಯದಕ್ಕಿಂತ ಎರಡು ಚಕ್ರ ಹೆಚ್ಚು, ಕ್ರೇನು ಸುತ್ತಲೂ ತಿರುಗುತ್ತದೆ, ತುಂಬಿದ ಲಾರಿಯನ್ನೇ ಎತ್ತಿ ಪಕ್ಕಕ್ಕಿಡುತ್ತದೆ. ಅದಕ್ಕೆ ಚಾಲಕ ಯಾರು ಎನ್ನುವುದನ್ನು ಸಾಹೇಬರು ಮುಂದಿನ ತಾಲೀಮು ಮುಗಿದ ಮೇಲೆ ಹೇಳುತ್ತೇನೆ ಎಂದರು. ತಾಲೀಮು ಎಂದರೆ ಡಿಪೋದ ಲಾರಿಗಳೆಲ್ಲ ಸಾಲಾಗಿ ದೂರದ ಬಯಲಿಗೆ ಹೋಗಿ, ಅಲ್ಲಿ ಬೀಡುಬಿಟ್ಟ ಪಡೆಗೆ ಅನ್ನ, ನೀರು, ಡೀಸೆಲ್ ಒದಗಿಸಿ ಬರುವುದು. ದೊಡ್ಡವನು ಈ ಸಲವೂ ಹೆಸರು ಕೊಟ್ಟ. ಬದಲಾದ ಮನುಷ್ಯನಂತೆ ಓಡಾಡಿದ. ಗುಡಾಣವನ್ನು ತಾನೇ ತೊಳೆದ, ಬೆಳಗ್ಗೆ ಎಲ್ಲರಿಗಿಂತ ಮುಂಚೆ ಗೇಟಿನ ಬಳಿ ನಿಂತ, ನನ್ನ ಬಳಿ ಬಂದು ಈ ಸಲ ಸಿಗದಿದ್ದರೆ ಇನ್ನು ಸಿಗುವುದಿಲ್ಲ ಅತ್ತೆ ಎಂದ. ಅವನ ಹೆಂಡತಿ, ನನ್ನ ದೊಡ್ಡ ಮಗಳು, ಗಂಡನಿಗೆ ಅದು ಸಿಗಲಿ ಎಂದು ಬೇಡಿಕೊಂಡಳು. ತಂಗಿಯೂ ತನ್ನ ಗಂಡನಿಗೆ ಸಿಗಲಿ ಎಂದು ಬೇಡಿಕೊಂಡಳು. ನಾನು ಇಬ್ಬರ ತಾಯಿ, ಯಾರಿಗೆಂದು ಬೇಡಲಿ? ಹೊಸ ಜಟ್ಟಿಯೇ ಬಾರದಿರಲಿ ಎಂದು ಬೇಡಿಕೊಂಡೆ.

ತಾಲೀಮಿನ ದಿನ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಅಡುಗೆ ಲಾರಿಯ ಅಡುಗೆಯವನು ಒಂದಷ್ಟು ಹೇಳಿದ, ಚಿಕ್ಕವನು ಕೇಳಿದ್ದಕ್ಕೆ ಒಂದಷ್ಟು ಹೇಳಿದ, ಉಳಿದದ್ದನ್ನು ದೊಡ್ಡವನೇ ಹೇಳಿದ.

ಸಾಲಿನಲ್ಲಿ ಸೇತುವೆ ಲಾರಿ ಮುಂದೆ, ಅದರ ಹಿಂದೆ ಗುಡಾಣ, ಅದರ ಹಿಂದೆ ಅಡುಗೆ ಲಾರಿ, ಆಮೇಲೆ ಉಳಿದವು. ಜಟ್ಟಿ ಯಾವಾಗಲೂ ಎಲ್ಲರಿಗಿಂತ ಕೊನೆ. ಹಿಂದೆ ಉಳಿದವರನ್ನು ಎತ್ತಿಕೊಂಡು ಬರಬೇಕಲ್ಲ. ಬೀಡು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದಾಗ ಸೇತುವೆ ಲಾರಿಯ ಹಿಂದಿನ ಚಕ್ರ ದಾರಿಯಂಚಿನ ಗುಂಡಿಗೆ ಜಾರಿತು. ಸಾಲು ನಿಂತಿತು. ಚಿಕ್ಕವನಿಗೆ ಕರೆ ಹೋಯಿತು. ಅವನು ಬಲಬದಿಯ ಗಟ್ಟಿ ನೆಲದ ಮೇಲೆ ಎಲ್ಲರನ್ನೂ ದಾಟಿಕೊಂಡು ಮುಂದೆ ಬಂದ, ಗುಡಾಣದ ಪಕ್ಕದಲ್ಲಿ ಹಾಯುವಾಗ ತಾನು ಅಣ್ಣ ಎಂದು ಕರೆಯುವ ದೊಡ್ಡವನಿಗೆ ಕೈ ಎತ್ತಿ ತೋರಿಸಿದ. ಸಾಹೇಬರ ಜೀಪೂ ಬಂದು ನಿಂತಿತು. ಚಾಲಕರೆಲ್ಲ ಇಳಿದು ನೋಡಲು ಹೋದರು. ಇಳಿಯದೆ ಕುಳಿತವನು ಒಬ್ಬನೇ.

ಹೊಸ ಜಟ್ಟಿಗೆ ಆಳು ಆರಿಸುವ ದಿನವೇ, ಸಾಹೇಬರ ಕಣ್ಣೆದುರಿಗೇ, ಚಿಕ್ಕವನು ರಾಟೆ ತಿರುಗಿಸಿ ಹೆಸರು ತೆಗೆದುಕೊಳ್ಳಬೇಕೇ? ದೊಡ್ಡವನಿಗೆ ಆ ಕ್ಷಣಕ್ಕೆ ತಲೆ ತುಂಬ ಇದ್ದದ್ದು ಇದೊಂದೇ. ಸಾಲಿನಲ್ಲಿ ಹೋಗುವಾಗ ಮುಂದಿನ ಲಾರಿಯ ಚಕ್ರದ ಗುರುತು ಬಿಡಬಾರದು ಎನ್ನುವುದು ಅವರಲ್ಲಿ ಮೊದಲ ಪಾಠ. ಇವನು ಗುಡಾಣವನ್ನು ಎಡಕ್ಕೆ ತಿರುಗಿಸಿ, ಪೊದೆಗಳ ಆಚೆಯ ತಗ್ಗಿನಲ್ಲಿ ಇಳಿಸಿದ. ಅವರು ಅಲ್ಲಿ ಎಳೆದಾಡುತ್ತಿರಲಿ, ನಾನು ಸುತ್ತು ಹಾಕಿ ಮೊದಲು ಬೀಡಿಗೆ ನೀರು ಮುಟ್ಟಿಸಿರುತ್ತೇನೆ, ಆಗ ಸಾಹೇಬರಿಗೆ ಗೊತ್ತಾಗುತ್ತದೆ ಎನ್ನುವುದು ಲೆಕ್ಕಾಚಾರ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಇಲ್ಲಿ ದೈವಕ್ಕೆ ತೊಂದರೆ ಕೊಡುವ ಅಗತ್ಯವೇ ಇರಲಿಲ್ಲ, ನೆಲ ಎರೆಮಣ್ಣು. ಮೇಲೆ ಒಣಗಿ ಬಿರುಕು ಬಿಟ್ಟಿತ್ತು, ಕೆಳಗೆ ಹಸಿ ಇತ್ತು. ತುಂಬಿದ ಗುಡಾಣದ ಭಾರಕ್ಕೆ ಮೇಲಿನ ಪದರ ಒಡೆದು ಹಿಂದಿನ ಚಕ್ರಗಳು ಅರ್ಧ ಇಳಿದುಬಿಟ್ಟವು.

ಹೂತರೆ ಏನು ಮಾಡಬೇಕೆಂಬುದಕ್ಕೂ ಪಾಠವಿದೆ. ಹಾರ್ನ್ ಒತ್ತಿ ಹಿಡಿಯಬೇಕು, ಇಂಜಿನ್ ನಿಲ್ಲಿಸಬೇಕು, ಜಟ್ಟಿ ಬರುವವರೆಗೆ ಸುಮ್ಮನೆ ಕೂರಬೇಕು. ಜಟ್ಟಿ ಇದ್ದದ್ದು ಕೂಗಳತೆಯಲ್ಲಿ. ಹಾರ್ನ್ ಒತ್ತುವ ಬದಲು ಕೈ ಕತ್ತರಿಸಿಕೊಳ್ಳುತ್ತೇನೆ ಎನ್ನಿಸಿತಂತೆ ಅವನಿಗೆ. ಇಳಿದು ನೋಡಿದ. ಭಾರ ಕಡಿಮೆ ಮಾಡಿದರೆ ತಾನಾಗಿಯೇ ಮೇಲೆ ಬರುತ್ತದೆ ಎಂದು ಲೆಕ್ಕ ಹಾಕಿದ. ನೀರು ಓಡಿಸುವವರಿಗೆ ಅದು ಗೊತ್ತಿರುವ ಉಪಾಯವೇ. ಡಾಂಬರಿನ ಏರು ಹತ್ತದಿದ್ದರೆ, ಕಿರುಸೇತುವೆ ತಾಳುವುದಿಲ್ಲ ಎನ್ನಿಸಿದರೆ ಅರ್ಧ ನೀರು ಬಿಟ್ಟು ಹಗುರ ಮಾಡಿಕೊಳ್ಳುತ್ತಾರೆ. ಇವನೂ ಹಿಂದಕ್ಕೆ ಹೋಗಿ ದೊಡ್ಡ ವಾಲ್ವನ್ನು ಪೂರ್ತಿ ತೆಗೆದ. ಅಷ್ಟು ವರ್ಷ ಡಾಂಬರಿನ ಮೇಲೆ ಮಾಡಿದ ಕೆಲಸವನ್ನು ಕೈ ಎರೆಮಣ್ಣಿನ ಮೇಲೂ ಮಾಡಿಬಿಟ್ಟಿತು. ಗುಡಾಣದ ವಾಲ್ವ್ ಇರುವುದು ಹಿಂದಿನ ಚಕ್ರಗಳ ನಡುವೆ. ನೀರೆಲ್ಲ ಹೂತ ಚಕ್ರಗಳ ಬುಡಕ್ಕೇ ಸುರಿಯಿತು. ಅವನಿಗೆ ಗೊತ್ತಾಗುವಷ್ಟರಲ್ಲಿ ಎರೆಮಣ್ಣು ಗಂಜಿಯಾಗಿತ್ತು, ವಾಲ್ವಿನ ಹಿಡಿಯೇ ಕೆಸರೊಳಗೆ ಮುಳುಗಿತ್ತು, ಮುಚ್ಚಲು ಹೋದರೆ ಕೈಗೆ ಸಿಗಲಿಲ್ಲ.

ಎದುರು ಬಂದವನಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡವನ ಕಥೆ ಕೇಳಿದ್ದೆ. ಅವನು ನನ್ನ ಅಳಿಯನಾಗಿ ಬರುತ್ತಾನೆಂದು ಅಂದುಕೊಂಡಿರಲಿಲ್ಲ.

ಮೊದಲು ನೋಡಿದವನು ಅಡುಗೆಯವನು. ಒಲೆ ಹಚ್ಚುವ ಮುಂಚೆ ನೀರು ಕೇಳೋಣವೆಂದು ಹುಡುಕಿಕೊಂಡು ಬಂದಿದ್ದ. ಪೊದೆಯಾಚೆ ಗುಡಾಣ ಹೊಟ್ಟೆಯವರೆಗೆ ಕೂತಿತ್ತು, ಬೀಡಿನಲ್ಲಿ ಬಿಸಿಲಿಗೆ ಬಾಯಿ ಒಣಗಿಸಿಕೊಂಡು ಕಾದವರು ಕುಡಿಯಬೇಕಾದ ನೀರು ತಗ್ಗಿನಲ್ಲಿ ಕಪ್ಪಗೆ ನಿಂತಿತ್ತು. ಅವನು ತಲೆ ಚಚ್ಚಿಕೊಂಡ. ಹಾರ್ನ್ ಒತ್ತಿದವನೂ ಅವನೇ.

ಚಿಕ್ಕವನು ಸೇತುವೆ ಲಾರಿಯನ್ನು ಮೇಲೆತ್ತಿ ಇತ್ತ ಬಂದ. ಗಟ್ಟಿ ನೆಲದ ಮೇಲೆ ಜಟ್ಟಿಯನ್ನು ನಿಲ್ಲಿಸಿದ, ಹಲಗೆಗಳನ್ನು ಹೊತ್ತು ತಂದು ಚಕ್ರಗಳ ಮುಂದೆ ತುರುಕಿದ, ಎದೆಯವರೆಗೆ ಕೆಸರಿನಲ್ಲಿ ಮಲಗಿ ಕೊಕ್ಕೆ ಸಿಕ್ಕಿಸಿದ. ಎಳೆಸಿಕೊಳ್ಳುವ ಲಾರಿಯ ಚಾಲಕ ಸ್ಟೇರಿಂಗ್ ಹಿಡಿದು ಕೂರಬೇಕು, ಹೊರಗೆ ನಿಂತವನ ಕೈಯನ್ನೇ ನೋಡಬೇಕು. ಮುಷ್ಟಿ ಹಿಡಿದರೆ ಬ್ರೇಕು, ಬಿಚ್ಚಿದರೆ ಬಿಡುವುದು, ಬೆರಳು ತೋರಿಸಿದ ಕಡೆ ತಿರುಗಿಸುವುದು. ಬೇರೆ ಯಾರನ್ನೂ ನೋಡುವಂತಿಲ್ಲ, ಸ್ವಂತ ಬುದ್ಧಿ ಓಡಿಸುವಂತಿಲ್ಲ. ವರ್ಷಗಟ್ಟಲೆ ಊಟದ ತಟ್ಟೆಯಿಂದ ತಲೆ ಎತ್ತಿ ಇವನ ಮುಖ ನೋಡದವನು ಈಗ ಇವನ ಬೆರಳು ನೋಡಿಕೊಂಡು ಕೂತ. ಆ ಹೊತ್ತಿನ ಬಗ್ಗೆ ದೊಡ್ಡವನು ನನಗೆ ಹೇಳಿದ್ದು, ಅವನು ಚೆನ್ನಾಗಿ ಎಳೆಯುತ್ತಾನೆ ಅತ್ತೆ, ನನ್ನಿಂದ ಹಾಗೆ ಆಗುತ್ತಿರಲಿಲ್ಲ ಎಂದು. ಹೇಳುವಾಗ ಹಲ್ಲು ಕಚ್ಚಿಕೊಂಡಿದ್ದ.

ಗುಡಾಣ ಹೊರಗೆ ಬಂದ ಮೇಲೆ ಸಾಹೇಬರು ಬಂದರು. ಲಾರಿಯನ್ನು ನೋಡಿದರು, ತಗ್ಗಿನ ನೀರನ್ನು ನೋಡಿದರು, ಏನಾಯಿತು ಎಂದು ಕೇಳಿದರು. ದೊಡ್ಡವನು ಬಾಯಿ ತೆರೆಯುವ ಮುಂಚೆ ಚಿಕ್ಕವನು ಮಾತಾಡಿದ.

“ವಾಲ್ವಿನ ಹಿಡಿಗೆ ಕಲ್ಲು ಬಡಿದಿದೆ ಸಾರ್. ತೆರ್ಕೊಂಡು ನೀರೆಲ್ಲ ಹೋಗ್ಬಿಟ್ಟಿದೆ. ಅಣ್ಣ ಏನು ಮಾಡೋಕಾಗುತ್ತೆ?”

ಸಾಹೇಬರಿಗೆ ನಂಬುವ ಮನಸ್ಸಿತ್ತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ದಾರಿ ಬಿಟ್ಟದ್ದಕ್ಕೆ ನಾಲ್ಕು ಬೈಗುಳ ತಿಂದರೆ ಕೆಲಸ ಉಳಿಯುತ್ತಿತ್ತು, ಹೊಸ ಜಟ್ಟಿಯ ಆಸೆಯನ್ನೂ ಪೂರ್ತಿ ಬಿಡಬೇಕಾಗಿರಲಿಲ್ಲ. ದೊಡ್ಡವನು ಮಾಡಬೇಕಾಗಿದ್ದದ್ದು ಬಾಯಿ ಮುಚ್ಚಿಕೊಂಡು ತಲೆ ಆಡಿಸುವುದು ಮಾತ್ರ. ಅವನು ಚಿಕ್ಕವನ ಕಡೆ ನೋಡಿದ, ಆಮೇಲೆ ಸಾಹೇಬರ ಕಡೆ ನೋಡಿದ.

“ಕಲ್ಲಲ್ಲ ಸಾರ್. ನಾನೇ ತೆಗ್ದೆ.”

“ಯಾಕೆ?”

“ಇವನು ಬಂದು ಎಳೀಬಾರ್ದು ಅಂತ.”

ಸಾಹೇಬರು ಅಲ್ಲೇ ಬೀಗದ ಕೈ ಇಸಿದುಕೊಂಡು, ಸಾಲಿನಲ್ಲಿದ್ದ ಬದಲಿ ಚಾಲಕನಿಗೆ ಕೊಟ್ಟು, ಗುಡಾಣವನ್ನು ತೊಳೆದು ತುಂಬಿಸಿಕೊಂಡು ಬಾ ಎಂದು ಕಳಿಸಿದರು. ಬದಲಿ ಚಾಲಕ ಎಳೆಯ, ಮೀಸೆ ಸರಿಯಾಗಿ ಬಂದಿರಲಿಲ್ಲ. ಅವನು ಹತ್ತಿ ಕುಳಿತು ಸೀಟನ್ನು ಮುಂದಕ್ಕೆ ಎಳೆದುಕೊಂಡ, ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡ, ಹೊರಟ. ದೊಡ್ಡವನು ಕೆಸರು ಮೆತ್ತಿದ ಬಟ್ಟೆಯಲ್ಲಿ ನಿಂತು ನೋಡಿದ. ಗುಡಾಣ ತಾನಿಲ್ಲದೆ ಓಡುವುದನ್ನು ಅವನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಅದು ಕಣ್ಮರೆಯಾಗುವವರೆಗೂ ಅಲ್ಲಾಡದೆ ನಿಂತಿದ್ದನೆಂದು ಅಡುಗೆಯವನು ಹೇಳಿದ. ಬೀಡಿನವರಿಗೆ ನೀರು ಸಿಕ್ಕಿದಾಗ ಹೊತ್ತು ಮುಳುಗುತ್ತಿತ್ತು.

ಡಿಪೋದಲ್ಲಿ ಕೆಲವರು ಅವನನ್ನು ಹೊಗಳಿದರು. ಏನು ಪ್ರಾಮಾಣಿಕ ಮನುಷ್ಯ, ತಪ್ಪಿಸಿಕೊಳ್ಳುವ ದಾರಿ ಇದ್ದರೂ ನಿಜ ಹೇಳಿದ ಎಂದರು. ನನ್ನ ಮುಂದೆ ಹೇಳಿದವರಿಗೆ ನಾನು ಹೂಂಗುಟ್ಟಿದೆ. ನನಗೆ ಅಳಿಯನ ಹೊಟ್ಟೆ ಗೊತ್ತಿತ್ತು. ಅವನೇ ಮನೆಗೆ ಬಂದಾಗ ಎದುರಿಗೆ ಕೂರಿಸಿ ಕೇಳಿದೆ, ಚಿಕ್ಕವರು ಉಳಿಸಲು ಹೋದಾಗ ಸುಮ್ಮನಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು.

“ಗಾಡಿ ಎಳೆದ, ಅದು ಅವನ ಕೆಲಸ ಅತ್ತೆ, ಎಳೀಲಿ. ನನ್ನ ಮಾನಾನೂ ಅವನೇ ಎಳೆದು ದಡಕ್ಕೆ ಹಾಕ್ಬೇಕಾ? ಆಮೇಲೆ ಇರೋವರೆಗೂ ಅವನ ಮುಂದೆ ತಲೆ ತಗ್ಗಿಸ್ಕೊಂಡಿರ್ಬೇಕು. ಅದಕ್ಕಿಂತ ಸಾಹೇಬರ ಮುಂದೆ ಒಂದು ಸಲ ತಗ್ಗಿಸೋದೇ ವಾಸಿ.”

ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಹೊಟ್ಟೆಕಿಚ್ಚಿನಿಂದ ನಿಜ ಹೇಳಿದವನು ಇವನೊಬ್ಬನೇ. ಬೈಯಬೇಕೆಂದು ಕರೆದವಳು ಬೈಯಲಾಗದೆ ಎದ್ದು ಚಹಾ ಮಾಡಿಕೊಟ್ಟೆ.

ಶಿಕ್ಷೆಯೆಂದು ಅವನನ್ನು ಒಂದು ವರ್ಷ ಸ್ಟೇರಿಂಗಿನಿಂದ ದೂರ ಇಟ್ಟರು. ಉಗ್ರಾಣದಲ್ಲಿ ಟೈರು ಎಣಿಸುತ್ತೀಯೋ, ಯಾವುದಾದರೂ ಲಾರಿಗೆ ಸಹಾಯಕನಾಗಿ ಹೋಗುತ್ತೀಯೋ ಎಂದು ಸಾಹೇಬರು ಕೇಳಿದರು. ಉಗ್ರಾಣದಲ್ಲಿ ನೆರಳಿದೆ, ಕುರ್ಚಿ ಇದೆ, ಅದನ್ನೇ ಒಪ್ಪಿಕೊಳ್ಳಿ ಎಂದು ಹೆಂಡತಿ ಕಾಲು ಹಿಡಿದಳು. ಇವನು ಗುಡಾಣದಲ್ಲಿ ಪೈಪು ಹಿಡಿಯುವ ಕೆಲಸ ಕೇಳಿ ತೆಗೆದುಕೊಂಡ. ಎಳೆಯ ಚಾಲಕ ಮೇಲೆ ಸ್ಟೇರಿಂಗಿನಲ್ಲಿ, ಇವನು ಕೆಳಗೆ ಒದ್ದೆ ಪೈಪು ಹೆಗಲ ಮೇಲೆ ಹೊತ್ತು. ನಾಲ್ಕು ಜನ ನಗುವ ಕೆಲಸ ಎಂದು ನನ್ನ ಮಗಳು ಅತ್ತಳು.

ಹೊಸ ಜಟ್ಟಿ ಬಂತು, ಚಿಕ್ಕವನಿಗೇ ಸಿಕ್ಕಿತು. ಅದು ಗೇಟಿನೊಳಗೆ ಬಂದ ದಿನ ಡಿಪೋಗೆ ಡಿಪೋವೇ ಓಡಿತು, ನಾನೂ ದಬ್ಬಣ ಕೆಳಗಿಟ್ಟು ಹೋದೆ. ದೊಡ್ಡವನು ಬರಲಿಲ್ಲ. ಉರಿದುಕೊಂಡು ಎಲ್ಲೋ ಕೂತಿದ್ದಾನೆ ಎಂದುಕೊಂಡೆ.

ಕೆಲವು ದಿನ ಕಳೆದ ಮೇಲೆ ಚಿಕ್ಕವನು ನಾನು ಹೊಲಿಯುವ ಕೋಣೆಗೆ ಬಂದ. ಕ್ಯಾನ್ವಾಸಿನ ಅಂಚು ಮುಟ್ಟಿ ನೋಡುತ್ತಾ ಮಾತು ತೆಗೆದ. ಹಳೆಯ ಜಟ್ಟಿ ಖಾಲಿ ಇದೆ, ಅಣ್ಣನಿಗೆ ಕೊಡಿ ಎಂದು ಸಾಹೇಬರನ್ನು ಬೇಡಿಕೊಂಡಿದ್ದನಂತೆ. ಒಂದು ದಿನವಲ್ಲ, ದಿನಾ ಹೋಗಿ ಕಾಡಿದ್ದನಂತೆ. ಸಾಹೇಬರು ಕೊನೆಗೆ ಒಪ್ಪಿದ್ದರು, ಶಿಕ್ಷೆಯ ಅವಧಿಯನ್ನೂ ಅಲ್ಲಿಗೆ ಮುಗಿಸುತ್ತೇನೆ ಎಂದಿದ್ದರು. ನಾನು ಹೇಳಿದರೆ ಅಣ್ಣ ಕೇಳುವುದಿಲ್ಲ, ನೀವೇ ಹೇಳಿ ಅತ್ತೆ ಎಂದ. ನನ್ನ ಕಣ್ಣು ತುಂಬಿತು. ದಬ್ಬಣ ಚುಚ್ಚಿಕೊಂಡೆ ಎಂದು ಸುಳ್ಳು ಹೇಳಿದೆ.

ಅಷ್ಟು ವರ್ಷ ಉರಿದದ್ದು ಈ ಸೀಟಿಗಾಗಿಯೇ ತಾನೇ? ಅದು ಈಗ ಕಾಲ ಬಳಿಗೆ ಬಂದಿತ್ತು. ಖುಷಿಯಲ್ಲಿ ಚಪ್ಪಲಿ ಕೂಡ ಮೆಟ್ಟದೆ ನಲ್ಲಿಯ ಕಟ್ಟೆಗೆ ಓಡಿದೆ. ಗುಡಾಣ ಅಲ್ಲಿ ನೀರು ತುಂಬಿಸಿಕೊಳ್ಳುತ್ತಿತ್ತು. ಎಳೆಯ ಚಾಲಕ ಬಾಗಿಲು ತೆರೆದಿಟ್ಟು, ಕಾಲು ಚಾಚಿ ಸೀಟಿನಲ್ಲಿ ಕೂತಿದ್ದ. ದೊಡ್ಡವನು ಕೆಳಗೆ ನಿಂತು ಪೈಪು ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದ. ಆ ನೋಟ ನನಗೆ ಹೊಸದಲ್ಲ, ನನ್ನ ಮನೆಯ ಊಟದ ಸಾಲಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅದು ಚಿಕ್ಕವನನ್ನು ಬಿಟ್ಟು ಈ ಎಳೆಯನ ಕಡೆ ತಿರುಗಿದ್ದನ್ನು ಮಾತ್ರ ಅಂದೇ ಕಂಡದ್ದು. ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದೆ. ಹಳೆಯ ಜಟ್ಟಿ ಇನ್ನು ನಿಮ್ಮದು, ನಾಳೆಯೇ ಹತ್ತಬಹುದಂತೆ ಎಂದೆ. ಕೊಡಿಸಿದವರು ಯಾರು ಎಂಬುದನ್ನೂ ಮುಚ್ಚಿಡಲಿಲ್ಲ. ಸಿಡುಕುತ್ತಾನೆ ಎಂದುಕೊಂಡಿದ್ದೆ, ಸಿಡುಕಲಿಲ್ಲ. ಒಳ್ಳೆಯವನು ಅವನು ಎಂದ. ಹಾಗಾದರೆ ಸಾಹೇಬರಿಗೆ ಹೂಂ ಎಂದು ಹೇಳಿಬಿಡಲೇ ಎಂದು ಕೇಳಿದೆ.

“ಬೇಡ ಅತ್ತೆ. ನಾನು ಜಟ್ಟಿ ಹತ್ತಿದ್ರೆ ಇದು ಇವನಿಗೇ ಖಾಯಂ ಆಗ್ಬಿಡುತ್ತೆ.”

ಟ್ಯಾಂಕು ತುಂಬಿತು. ಅವನು ಮೇಲೆ ಹತ್ತಿ ಮುಚ್ಚಳ ಬಿಗಿ ಮಾಡಿದ, ಇಳಿದು ಪೈಪು ಸುತ್ತಿಟ್ಟ, ಹೋಗಿ ಎಳೆಯನ ಪಕ್ಕದ ಸೀಟಿನಲ್ಲಿ ಕೂತ. ಲಾರಿ ಗೇಟು ದಾಟುವವರೆಗೂ ಅವನ ಕಣ್ಣು ಸ್ಟೇರಿಂಗ್ ಹಿಡಿದ ಆ ಕೈಗಳ ಮೇಲೇ ಇತ್ತು.